ಅತ್ತಿಗೆಯ ಎರಡು ಹೆಸರು

ಗಡಿಯಾರ ಹನ್ನೊಂದೂ ಇಪ್ಪತ್ತು ತೋರಿಸಿದರೆ ಈಗಲೂ ನನಗೆ ಆ ದಿನವೇ ಕಣ್ಣೆದುರು ಬರುತ್ತದೆ. ಬೆಳಗಿನ ಆ ಹೊತ್ತಿಗೇ ಮೈಸೂರಿನ ಕಚೇರಿಯಲ್ಲಿ ವೀಸಾ ನೋಡುವ ಅಧಿಕಾರಿ ಕನ್ನಡಕ ತೆಗೆದು, "ಈ ಗೌರಿ ಯಾರ್ರೀ?" ಎಂದು ಕೇಳಿದ್ದರು.

ಗೌರಿ ನನ್ನ ಅತ್ತಿಗೆ. ಅವರ ಎದುರಿಗೇ ಕೂತಿದ್ದಳು. ಆದರೆ ಪಾಸ್‌ಪೋರ್ಟಿನಲ್ಲಿ ಅವಳು ಶಾಂತಿನಿ. ಶ್ರೀಲಂಕಾದ ತಮಿಳರ ಮನೆಯವಳು. ಗಂಡ ತೀರಿಕೊಂಡ ಮೇಲೆ ದುಬೈನ ಹೋಟೆಲೊಂದರಲ್ಲಿ ದುಡಿಯುತ್ತಿದ್ದಳು. ಅದೇ ಹೋಟೆಲಿನ ಅಡುಗೆಮನೆಯಲ್ಲಿದ್ದ ನನ್ನಣ್ಣ ಮಾದೇಶ ಅವಳನ್ನು ಮೆಚ್ಚಿದ. ಪ್ರವಾಸದ ವೀಸಾದಲ್ಲಿ ಮಗಳು ಕವಿನಿಯ ಕೈ ಹಿಡಿದು ನಮ್ಮೂರು ಹನಗೋಡಿಗೆ ಬಂದಳು, ಮದುವೆಯಾದಳು. ಇನ್ನು ಅಣ್ಣನ ಹೊಣೆಯ ಮೇಲೆ ತಾಯಿ ಮಗಳಿಬ್ಬರಿಗೂ ಇಲ್ಲೇ ಉಳಿಯುವ ವೀಸಾ ಆಗಬೇಕಿತ್ತು.

ಎರಡನೇ ಹೆಸರು ನಮ್ಮವ್ವನ ಕೊಡುಗೆ. ಅವ್ವನ ಹೆಸರು ಶಾಂತಮ್ಮ. ಅತ್ತೆಯ ಹೆಸರೇ ಸೊಸೆಗಿದ್ದರೆ ನಮ್ಮ ಮನೆಯಲ್ಲಿ ಮದುವೆಯ ದಿನವೇ ಬದಲಾಯಿಸುವ ವಾಡಿಕೆ. "ಊರೋರು ಇವಳ್ನೂ ಶಾಂತಮ್ಮ ಅಂತಾರೆ. ನನ್ನ ಹೆಸ್ರು ಇಡ್ಕಂಡು ನಾನೇ ಬೈಯಕಾಯ್ತದಾ? ಗೌರಿ ಅಂತ ಬರಿಲಾ" ಎಂದಳು. ಅಣ್ಣ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದ. ಆ ಗುಂಗಿನಲ್ಲೇ ಮದುವೆ ನೋಂದಣಿಯಲ್ಲೂ ಗೌರಿ ಎಂದೇ ಬರೆಸಿದರು. ಬಿ.ಎ. ಓದಿದ ನಾನು ಪಕ್ಕದಲ್ಲೇ ನಿಂತು ಅತ್ತಿಗೆಯ ಮುಡಿಯ ಹೂ ಸರಿಮಾಡುತ್ತಿದ್ದೆ. ನನ್ನ ವಿದ್ಯೆ ಅಂದು ಮಲ್ಲಿಗೆಯಷ್ಟು ಉಪಯೋಗಕ್ಕೂ ಬರಲಿಲ್ಲ.

"ಮದುವೆಯಾದವಳು ಗೌರಿ, ವೀಸಾ ಕೇಳುವವಳು ಶಾಂತಿನಿ. ನೋಂದಣಿ ತಿದ್ದಿಸಿ ತನ್ನಿ. ಇಲ್ಲವಾದರೆ ಈಗಿನ ವೀಸಾ ಮುಗಿಯುತ್ತಲೇ ತಾಯಿ ಮಗಳು ಹೊರಡಬೇಕಾಗುತ್ತೆ" ಎಂದರು ಅಧಿಕಾರಿ.

ಅಂದಿನಿಂದ ನಮ್ಮ ಮನೆಗೆ ನಿದ್ದೆ ಎಂಬುದೇ ಇರಲಿಲ್ಲ. ಕವಿನಿ ಕಾಲಿನ ಬೂಟು ಬಿಚ್ಚದೆ ಮಲಗುತ್ತಿದ್ದಳು.

"ಅಜ್ಜೀ, ನಮ್ಮನ್ನ ಕಳಿಸಿಬಿಡ್ತಾರಾ?"

"ಯಾವನವ್ವ ಕಳ್ಸೋನು? ಬೂಟು ಬಿಚ್ಚಿ ಮನಿಕ್ಕ."

ಬಾಯಲ್ಲಿ ಧೈರ್ಯ. ಕತ್ತಲಲ್ಲಿ ಅವ್ವನ ಬಳೆ ಸದ್ದು ಮಾತ್ರ ಬೆಳಗಿನವರೆಗೂ ನಿಲ್ಲುತ್ತಿರಲಿಲ್ಲ.

ಕೊನೆಗೆ ಮದುವೆ ಮಾಡಿಸಿದ ಅಯ್ನೋರನ್ನೂ ಬೀದಿಯ ನಾಲ್ಕು ಜನರನ್ನೂ ಬಸ್ಸಿಗೆ ಹತ್ತಿಸಿಕೊಂಡು ಅವ್ವ ಹುಣಸೂರಿನ ನೋಂದಣಿ ಕಚೇರಿಗೆ ಹೊರಟಳು. ಅಲ್ಲಿಯ ಅಧಿಕಾರಿ ಮದುವೆಯ ಫೋಟೋ ನೋಡಿದರು, ಸಾಕ್ಷಿಗಳನ್ನು ಕೇಳಿದರು, ಆದರೂ ಅನುಮಾನಿಸಿದರು. "ಅಮ್ಮಾ, ಇವತ್ತು ಶಾಂತಿನಿ ಅಂತ ತಿದ್ದಿದರೆ ನಾಳೆ ಮತ್ತೆ ಗೌರಿ ಬೇಕು ಅಂತ ಬರ್ತೀರಾ?"

"ಬರಕಿಲ್ಲ ಸ್ವಾಮಿ. ಒಂದೇ ಮನೇಲಿ ಇಬ್ರು ಶಾಂತಮ್ಮ ಬ್ಯಾಡ ಅಂದ್ರೆ ನನ್ನೇ ಗೌರಮ್ಮ ಅಂತ ಬರ್ಕಳಿ. ನಾನು ಮುದುಕಿ, ಯಾವ ಹೆಸ್ರಾದ್ರೇನು? ನನ್ನ ಸೊಸೇನ, ಮೊಮ್ಮಗಳ್ನ ಮಾತ್ರ ಕಳಿಸ್ಬ್ಯಾಡಿ."

ಅಧಿಕಾರಿ ನಕ್ಕುಬಿಟ್ಟರು. "ನಿಮ್ಮ ಹೆಸರು ನಿಮಗೇ ಇರಲಿ" ಎಂದು ಪೆನ್ನು ತೆಗೆದರು. ಅತ್ತಿಗೆ ಅಳತೊಡಗಿದಳು.

"ಅಳ್ಬ್ಯಾಡ ಕಣೇ. ಇನ್ಮೇಲೆ ನಿನ್ನ ಬೈದ್ರೆ ನನ್ನೇ ಬೈಕಂಡಂಗೆ. ನಿಂಗೇ ಲಾಭ ಬುಡು!"

ಇಬ್ಬರಿಗೂ ವೀಸಾ ಆಯಿತೆಂಬ ಸುದ್ದಿ ಮೊನ್ನೆ ಸಂಜೆ ಅಣ್ಣನ ಫೋನಿಗೆ ಬಂತು. ಅವನ ಕೇಕೆಗೆ ಬೀದಿಯೇ ಓಡಿಬಂತು. ಅವ್ವ ಎಲ್ಲರ ಬಾಯಿಗೂ ಬೆಲ್ಲ ಇಟ್ಟಳು.

ಬಿಸಿಲೇರಿದರೂ ಬಾಗಿಲು ತೆರೆಯದ ಮನೆ ಎಂದರೆ ನಮ್ಮೂರಲ್ಲಿ ಆಡಿಕೊಳ್ಳುತ್ತಾರೆ, ನಿಮಗೂ ಗೊತ್ತಿರಬೇಕು. ನಿನ್ನೆ ನಾನೊಬ್ಬಳೇ ಎದ್ದು, ಸದ್ದಾಗದಂತೆ ಕಾಫಿ ಮಾಡಿಕೊಂಡು ಜಗಲಿಯಲ್ಲಿ ಕೂತಿದ್ದೆ. ನೀರಿಗೆ ಹೊರಟ ಪಕ್ಕದ ಮನೆಯ ಜಯಕ್ಕ ನಿಂತು ಕೇಳಿದಳು: "ಇದೇನೇ, ಒತ್ತು ನೆತ್ತಿಗೆ ಬಂತು, ನಿಮ್ಮನೇಲಿ ಇನ್ನೂ ಯಾರೂ ಎದ್ದಿಲ್ವಾ?"

"ಇಲ್ಲ ಜಯಕ್ಕ," ಬೀದಿಗೆಲ್ಲ ಕೇಳಲೆಂದು ಗಟ್ಟಿಯಾಗಿಯೇ ಹೇಳಿದೆ. "ಎಲ್ಲಾರೂ ಮಲಗವ್ರೆ!"