ಲೋರ್ನಾಳ ಬಾಲದ ಬಿರಡೆಗಳು

ಲೋರ್ನಾ ಟ್ವೆಟ್ ಮಾರ್ಚ್ ತಿಂಗಳಲ್ಲಿ ಪೇಟೆಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಶ್ವಾಸಕೋಶ ಹಾಳಾಗಿತ್ತು. ಮಣ್ಣು ಮಾಡಿದ ದಿನ ಪಾರ್ಸನ್ಸ್ ಫೋರ್ಕಿನ ಅರ್ಧ ಊರು ಹಿಮದಲ್ಲಿ ಬಂದು ನಿಂತಿತ್ತು. ನಿಂತವರಲ್ಲಿ ಬಹಳ ಜನರ ಸೊಂಟದಲ್ಲಿ ಅವಳು ಬಣ್ಣ ಹಾಕಿಕೊಟ್ಟ ಬಂದೂಕಿತ್ತು.

ಅವಳ ಕೆಲಸವೇ ಅದು. ಮೊಂಟಾನಾದ ಈ ಕಣಿವೆಯಲ್ಲಿ ಕರಡಿಯ ಭಯಕ್ಕೆ ಕಾಡಿಗೆ ಹೋಗುವವರೆಲ್ಲ ಸೊಂಟಕ್ಕೆ ಕೈಬಂದೂಕು ಕಟ್ಟುತ್ತಾರೆ. ಮಳೆ, ಹಿಮ, ಬೆವರು ಸೇರಿ ಅದರ ಉಕ್ಕನ್ನು ತಿನ್ನುತ್ತವೆ. ತುಕ್ಕು ಹಿಡಿದದ್ದನ್ನು ಜನ ಲೋರ್ನಾಳ ಮನೆಯ ಹಿಂದಿನ ಶೆಡ್ಡಿಗೆ ತರುತ್ತಿದ್ದರು. ಅವಳು ಬಿಡಿಬಿಡಿಯಾಗಿ ಬಿಚ್ಚಿ, ಜಿಡ್ಡು ತೊಳೆದು, ಗಾಳಿಯೊತ್ತಡದಲ್ಲಿ ಮರಳು ಊದಿ ಹಳೆಯ ಮೈಯನ್ನು ಕೆರೆದು, ಸೆರಾಮಿಕ್ ಬೆರೆತ ಬಣ್ಣವನ್ನು ತೆಳ್ಳಗೆ ಸಿಂಪಡಿಸಿ, ಕೊಕ್ಕೆಗೆ ತೂಗುಹಾಕಿ ಓವನ್ನಿನಲ್ಲಿ ಬೇಯಿಸುತ್ತಿದ್ದಳು. ಬಣ್ಣ ಹೋಗಬಾರದ ತೂತುಗಳಿಗೆಲ್ಲ ಮೊದಲೇ ರಬ್ಬರಿನ ಬಿರಡೆ. ಬೆಂದ ಮೇಲೆ ಬಿರಡೆ ತೆಗೆದು, ತೊಳೆದು, ಕಾಫಿ ಡಬ್ಬಿಗೆ ಹಾಕಿಡುವುದು. ಗಾಳಿ ಒತ್ತುವ ಕಂಪ್ರೆಸರಿನ ಗದ್ದಲದಲ್ಲೇ ಬದುಕು ಕಳೆದು ಅವಳ ಕಿವಿ ಮಂದವಾಗಿತ್ತು. ಕೂಗಿದರೆ ಕೇಳುತ್ತಿತ್ತು, ಹಕ್ಕಿಯ ದನಿ ಕೇಳುತ್ತಿರಲಿಲ್ಲ.

ಬಂದೂಕಿನ ನಡುವೆಯೇ ಬದುಕಿದವಳಾದರೂ ಲೋರ್ನಾ ಬಂದೂಕಿಗೆ ಹೆದರುತ್ತಿದ್ದಳು. ಅದು ನಮ್ಮಲ್ಲಿ ಕೆಲವರಿಗಷ್ಟೇ ಗೊತ್ತಿತ್ತು. ಅವಳು ಚಿಕ್ಕವಳಿದ್ದಾಗ ಅಣ್ಣ ಹಾಲ್ವರ್ ಜಾರಿ ಬಿದ್ದು, ಕೋವಿಯ ನಳಿಗೆಯಲ್ಲಿ ಹಿಮ ಮೆತ್ತಿಕೊಂಡದ್ದು ತಿಳಿಯದೆ ಜಿಂಕೆಗೆ ಗುಂಡು ಹಾರಿಸಿದ್ದ. ಗುಂಡಿಗೆ ದಾರಿ ಕಟ್ಟಿ ನಳಿಗೆ ಬಾಳೆಹಣ್ಣಿನ ಸಿಪ್ಪೆಯಂತೆ ಬಿಚ್ಚಿಕೊಂಡಿತ್ತು. ಅಪ್ಪ ಅವನನ್ನು ಹೊತ್ತುಕೊಂಡು ಓಡಿದಾಗ ಹಿಂದೆ ಉಳಿದ ಕೈಗವಸನ್ನು ಲೋರ್ನಾ ಹಿಮದಿಂದ ಎತ್ತಿಕೊಂಡಳು. ಖಾಲಿ ಕೈಗವಸು ಅಷ್ಟು ಭಾರವಿರುವುದಿಲ್ಲ ಎಂದು ಅವಳಿಗೆ ಮನೆ ತಲುಪಿದ ಮೇಲೆ ಹೊಳೆಯಿತು.

ಎದುರುಮನೆಯ ಡ್ವೇನ್ ಕೆಸ್ಲರ್ ಆ ರಿವಾಲ್ವರ್ ತಂದದ್ದು ಹೋದ ಬೇಸಿಗೆಯ ಕೊನೆಯಲ್ಲಿ. ಅದು ಅವನ ಅಪ್ಪನದು. ಈಗ ಮಗಳು ರೆನ್ನಿ ಕಟ್ಟಿಕೊಳ್ಳುತ್ತಿದ್ದಳು. ಹೊಳೆಗಳಲ್ಲಿ ಮೀನು ಎಣಿಸುವುದು ರೆನ್ನಿಯ ಕೆಲಸ, ದಿನವಿಡೀ ಸೊಂಟದವರೆಗೆ ನೀರು. ರಿವಾಲ್ವರ್ ಕೆಂಪಗೆ ತುಕ್ಕು ಹಿಡಿದಿತ್ತು. ಟ್ರೌಟ್ ಮೀನಿನ ಬೆನ್ನಿಗೆ ಇರುತ್ತದಲ್ಲ, ಹಸಿರೂ ಅಲ್ಲದ ಕಂದೂ ಅಲ್ಲದ ಬಣ್ಣ, ಅದು ಬೇಕೆಂದು ರೆನ್ನಿ ಕೇಳಿಕೊಂಡಳು. ಲೋರ್ನಾ ಡಬ್ಬಿಗಳನ್ನು ಬೆರೆಸಿ ಬೆರೆಸಿ, ತಗಡಿನ ಚೂರಿಗೆ ಹಚ್ಚಿ ಬೇಯಿಸಿ, ಕೊನೆಗೆ ಆ ಬಣ್ಣವನ್ನು ಹಿಡಿದಳು.

ಹೀಗೆ ಚಂದ ಮಾಡಲು ಹೋಗಿಯೇ ತಪ್ಪಾಯಿತು. ನಳಿಗೆಯ ಹಿಂಬದಿಗೆ ತುರುಕಿದ ಬಿರಡೆಯ ತುದಿ ಹೊರಗೆ ಚಾಚಿದ್ದರಿಂದ ಅದರ ಸುತ್ತ ಬಣ್ಣದ ಗೆರೆ ನಿಲ್ಲುತ್ತಿತ್ತು. ಬೇರೆಯವರದಾಗಿದ್ದರೆ ಬಿಡುತ್ತಿದ್ದಳೋ ಏನೋ. ರೆನ್ನಿ ಅವಳ ಅಡುಗೆಮನೆಯಲ್ಲಿ ಆಡಿ ಬೆಳೆದ ಹುಡುಗಿ. ಬ್ಲೇಡು ತೆಗೆದುಕೊಂಡು ಚಾಚಿದ ತುದಿಯನ್ನು ಕತ್ತರಿಸಿ ಬಿರಡೆಯನ್ನು ಲೋಹದ ಸಮಕ್ಕೆ ತಂದಳು. ಬಣ್ಣ ನುಣ್ಣಗೆ ಕುಳಿತಿತು. ಬಿರಡೆಯ ಮೇಲೂ ಕುಳಿತು, ಅದು ಲೋಹದಂತೆಯೇ ಕಂಡಿತು.

ಕೊಡುವ ದಿನ ಡ್ವೇನ್ ಬಾಗಿಲಲ್ಲೇ ನಿಂತು ಅವಸರ ಮಾಡಿದ. ಮಗಳು ನಾಳೆ ಮೇಲಿನ ಹೊಳೆಗೆ ಹೊರಟಿದ್ದಾಳೆ, ಬಂದೂಕಿಲ್ಲದೆ ಕಳಿಸುವುದು ಹೇಗೆ ಎಂದ. ಲೋರ್ನಾಳಿಗೆ ಕೆಮ್ಮು ಬಂದು ಕಣ್ಣಲ್ಲಿ ನೀರು ತುಂಬಿತ್ತು. ಜೋಡಿಸಿದಳು. ನಮ್ಮೂರಿನ ರೂಢಿಯಂತೆ ಗುಂಡಿನ ಉರುಳೆಯನ್ನು ಹೊರಕ್ಕೆ ತಳ್ಳಿ, ಖಾಲಿ ಎಂದು ನೋಡಿ ಕೊಟ್ಟಳು. ಡ್ವೇನನೂ ನೋಡಿದ. ಮನೆಗೆ ಹೋದ ಮೇಲೆ ರೆನ್ನಿಯೂ ನೋಡಿದಳು. ಬಂದೂಕು ಕೈ ಬದಲಾದಾಗಲೆಲ್ಲ ತೆಗೆದುಕೊಂಡವರು ತೆರೆದು ನೋಡದಿದ್ದರೆ ಇಲ್ಲಿ ಮರ್ಯಾದೆಗೇಡು. ಆದರೆ ಎಲ್ಲರೂ ನೋಡುವುದು ಗುಂಡು ಇದೆಯೇ ಎಂದು. ಉರುಳೆ ಖಾಲಿಯಿತ್ತು. ಮೂವರಿಗೂ ಅಷ್ಟೇ ಸಾಕಾಯಿತು, ನಳಿಗೆಯೊಳಗೆ ಯಾರೂ ಇಣುಕಲಿಲ್ಲ.

ಮರುದಿನ ಮಧ್ಯಾಹ್ನ ಮೇಜು ಒರೆಸುವಾಗ ಉಗುರಿನಷ್ಟು ರಬ್ಬರ್ ಚೂರು ಬಟ್ಟೆಗೆ ಅಂಟಿಕೊಂಡು ಬಂತು. ಲೋರ್ನಾ ಅದನ್ನು ಕಸದ ಬುಟ್ಟಿಗೆ ಉದುರಿಸಲು ಹೋದವಳು ಹಾಗೇ ನಿಂತಳು. ಇದು ಕತ್ತರಿಸಿದ ತುದಿ. ಉಳಿದದ್ದೆಲ್ಲಿ? ಕಾಫಿ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಓವನ್ನಿನ ತಳ ತಡವಿದಳು. ಮೊಣಕಾಲೂರಿ ನೆಲವೆಲ್ಲ ಸವರಿದಳು. ಎಲ್ಲಿದೆ ಎಂದು ಆಗಲೇ ಗೊತ್ತಾಗಿತ್ತು, ಆದರೂ ಹುಡುಕುವುದನ್ನು ನಿಲ್ಲಿಸಲು ಧೈರ್ಯ ಬರಲಿಲ್ಲ.

ರೆನ್ನಿಯ ಫೋನು ಸಿಗಲಿಲ್ಲ. ಮೇಲಿನ ಹೊಳೆಯಲ್ಲಿ ಯಾರದೂ ಸಿಗುವುದಿಲ್ಲ. ಡ್ವೇನ್ ದೂರದ ಮರದ ಮಿಲ್ಲಿನಲ್ಲಿದ್ದ. ಲೋರ್ನಾ ಅವನಿಗೆ ಫೋನು ಮಾಡಿ, ಉಸಿರು ಹಿಡಿದುಕೊಂಡು ವಿಷಯ ಹೇಳಿದಳು.

ಅವನು ಮಿಲ್ಲಿನ ಗದ್ದಲದಿಂದ ಹೊರಗೆ ಬಂದ. ಆಮೇಲೆ ಹೇಳಿದ: “ಹೊಸದು ಹೇಗೆ ಹೊಡೆಯುತ್ತೆ ನೋಡ್ತೀನಿ ಅಂತ ಬೆಳಿಗ್ಗೆಯಿಂದ ಕುಣೀತಿದ್ಲು. ಇಷ್ಟೊತ್ತಿಗೆ ಹೊಡೆದೇ ಇರ್ತಾಳೆ, ಲೋರ್ನಾ.”

“ಹಾಗನ್ನಬೇಡ. ನಾನು ಹೊರಟೆ. ನೀನೂ ಬಾ.”

ಕಾಡಿನ ಮಣ್ಣುರಸ್ತೆಯಲ್ಲಿ ಪಿಕಪ್ಪು ಕುಣಿಯುತ್ತ ಹೋಯಿತು. ಅವಳು ಗಾಜು ಇಳಿಸಿದ್ದಳು. ಗುಂಡಿನ ಸದ್ದು ಕೇಳಬಾರದು. ಕೇಳದೆಯೂ ಇರಬಾರದು ಎನಿಸುತ್ತಿತ್ತು, ಏಕೆಂದರೆ ಸದ್ದೇ ಇಲ್ಲವೆಂದರೆ ಆಗಬಾರದ್ದು ಆಗಲೇ ಆಗಿಹೋಗಿರಬಹುದು. ಜಲ್ಲಿ ಕ್ವಾರಿಯ ತಿರುವಿನಲ್ಲಿ ಢಂ ಎಂದಿತು. ಪಿಕಪ್ಪು ತಾನಾಗಿ ನಿಂತಂತೆ ನಿಂತಿತು. ಅವಳ ಕಾಲು ಯಾವಾಗ ಬ್ರೇಕ್ ಒತ್ತಿತೋ ತಿಳಿಯಲಿಲ್ಲ. ಹಿಂದೆಯೇ ಇನ್ನೊಂದು, ಮತ್ತೊಂದು. ಯಾರೋ ಇಬ್ಬರು ಗಂಡಸರು ಕ್ವಾರಿಯಲ್ಲಿ ಬಿಯರ್ ಡಬ್ಬಿ ಸಾಲಾಗಿಟ್ಟು ಹೊಡೆಯುತ್ತಿದ್ದರು. ಅವಳನ್ನು ಕಂಡು ಕೈ ಬೀಸಿದರು. ಅವಳು ಮತ್ತೆ ಗಾಡಿ ಹೊರಡಿಸಿದಳು.

ರಸ್ತೆ ಮುಗಿಯುವಲ್ಲಿ ರೆನ್ನಿಯ ಗಾಡಿ ನಿಂತಿತ್ತು. ಒಳಗೆ ಅರ್ಧ ತಿಂದ ಸ್ಯಾಂಡ್‌ವಿಚ್, ಆಸನದ ಮೇಲೆ ರಿವಾಲ್ವರಿನ ಖಾಲಿ ಪೆಟ್ಟಿಗೆ. ಅಲ್ಲಿಂದ ಮುಂದೆ ಕಾಲುದಾರಿ, ಏರು. ಲೋರ್ನಾ ಹತ್ತಲು ಶುರುಮಾಡಿದಳು. ಸ್ವಲ್ಪ ದೂರಕ್ಕೇ ಎದೆಯೊಳಗೆ ಸೀಟಿ ಊದಿದಂತಾಗಿ ಕಣ್ಣಿಗೆ ಕತ್ತಲೆ ಕವಿಯಿತು. ಮರ ಹಿಡಿದು ನಿಂತಳು, ಕೆಮ್ಮಿದಳು, ಇದು ತನ್ನಿಂದಾಗದು ಎಂದು ತಿಳಿಯಿತು. ಏಳುತ್ತ ಬೀಳುತ್ತ ವಾಪಸು ಪಿಕಪ್ಪಿಗೆ ಬಂದು ಹಾರ್ನಿನ ಮೇಲೆ ಎರಡೂ ಕೈ ಊರಿದಳು. ಉದ್ದಕ್ಕೆ ಮೂರು ಸಲ.

ಮೂರನೆಯ ಸದ್ದು ಮುಗಿಯುವಾಗ ತಾನು ಮಾಡಿದ್ದೇನೆಂದು ಅವಳಿಗೆ ಹೊಳೆಯಿತು.

ನಮ್ಮ ಕಾಡಿನಲ್ಲಿ ಮೂರು ಸಲ ಸದ್ದು ಮಾಡಿದರೆ ಯಾರಿಗೋ ಆಪತ್ತು ಎಂದು ಲೆಕ್ಕ. ಹಾರ್ನಾಗಲಿ, ಗುಂಡಾಗಲಿ, ಪಾತ್ರೆ ಬಡಿದದ್ದಾಗಲಿ. ಕೇಳಿದವರು ಆಕಾಶಕ್ಕೆ ಒಂದು ಗುಂಡು ಹಾರಿಸಿ, ಕೇಳಿಸಿತು, ಬರುತ್ತಿದ್ದೇನೆ ಎಂದು ತಿಳಿಸುತ್ತಾರೆ. ನಡೆಯಲು ಕಲಿತ ಮಕ್ಕಳಿಗೂ ಇದನ್ನು ಹೇಳಿಕೊಟ್ಟಿರುತ್ತಾರೆ. ರೆನ್ನಿಗೆ ಹೇಳಿಕೊಟ್ಟವಳು ಲೋರ್ನಾಳೇ.

ಅವಳು ಪಿಕಪ್ಪಿನಿಂದ ಇಳಿದು ಬೇಡ ಬೇಡ ಎಂದು ಕೂಗಿದಳು. ಕೆಮ್ಮು ನುಗ್ಗಿ ಕೂಗು ಅಲ್ಲೇ ಮುರಿಯಿತು. ಮತ್ತೆ ಹಾರ್ನ್ ಒತ್ತಬಹುದಿತ್ತು, ಆದರೆ ಒತ್ತಿದರೆ ಹುಡುಗಿ ಇನ್ನಷ್ಟು ಅವಸರಪಡುತ್ತಾಳೆ. ಒತ್ತದಿದ್ದರೆ? ಚಕ್ರದ ಪಕ್ಕ ಮಣ್ಣಿನಲ್ಲಿ ಕುಳಿತು ಕಿವಿ ಮುಚ್ಚಿಕೊಂಡಳು. ಮುಚ್ಚಿದ ಕಿವಿಯೊಳಗೆ ರಕ್ತ ಬಡಿಯುವ ಪ್ರತಿ ಸದ್ದೂ ಅದೇ ಸದ್ದು ಎನಿಸಿತು. ಕೈ ತೆಗೆದಳು. ಹೊಳೆಯ ಮೊರೆತ ಬಿಟ್ಟು ಏನಿಲ್ಲ. ಹಾಲ್ವರನ ಕೈಗವಸು ತೊಡೆಯ ಮೇಲಿಟ್ಟಂತೆ ಭಾರವಾಯಿತು. ಕಾಡು ಸುಮ್ಮನಿತ್ತು. ಉತ್ತರದ ಗುಂಡು ಕೇಳಿದರೆ ರೆನ್ನಿಯ ಕೈ ಹೋದಂತೆ. ಬಾರದಿದ್ದರೆ ಅದು ಮೊದಲೇ ಹೋಗಿರಬಹುದು.

ಕಲ್ಲು ಉರುಳಿದ ಸದ್ದಾಯಿತು. ದಾರಿಯ ತಿರುವಿನಲ್ಲಿ ರೆನ್ನಿ ಓಡುತ್ತ ಬರುತ್ತಿದ್ದಳು, ಎದೆಯವರೆಗೆ ರಬ್ಬರ್ ಪ್ಯಾಂಟು, ಬಲಗೈಯಲ್ಲಿ ರಿವಾಲ್ವರ್. ಲೋರ್ನಾ ಮೊದಲು ನೋಡಿದ್ದು ಆ ಕೈಯನ್ನು. ಬೆರಳುಗಳೆಲ್ಲ ಇದ್ದವು.

“ಲೋರ್ನಾ ಆಂಟಿ, ಯಾರಿಗೇನಾಯ್ತು? ಅಪ್ಪ ಸರಿಯಾಗಿದ್ದಾರಾ?”

“ಕೆಳಗಿಡು. ಅದನ್ನ ಕೆಳಗಿಡು ಮೊದಲು.”

ಹುಡುಗಿ ಬಾಗಿ ಅದನ್ನು ಪಾಚಿಯ ಮೇಲಿಟ್ಟಳು. ಲೋರ್ನಾ ತೆವಳಿಕೊಂಡು ಹೋಗಿ ಎತ್ತಿಕೊಂಡಳು. ಉರುಳೆ ತೆರೆದು ಗುಂಡುಗಳನ್ನೆಲ್ಲ ಹುಲ್ಲಿಗೆ ಸುರಿದಳು. ಒಂದು ಕಡ್ಡಿ ಮುರಿದು ಬಾಯಿಯ ಕಡೆಯಿಂದ ನಳಿಗೆಯೊಳಗೆ ತೂರಿಸಿ ಒತ್ತಿದಳು. ಒಂದು ಕ್ಷಣ ಅಡ್ಡಬಂತು. ಮತ್ತೆ ಒತ್ತಿದಾಗ ಹಿಂಬದಿಯಿಂದ ಟ್ರೌಟ್ ಬಣ್ಣದ ಬಿರಡೆ ಅವಳ ಅಂಗೈಗೆ ಬಿತ್ತು.

ರೆನ್ನಿ ಅದನ್ನು ನೋಡಿದಳು. ಆಮೇಲೆ ತನ್ನ ಬಲಗೈ ನೋಡಿಕೊಂಡಳು. ಪಕ್ಕದಲ್ಲೇ ಕುಳಿತಳು.

“ಹಾರ್ನ್ ಕೇಳಿದ್ದೇ ಮೇಲೆತ್ತಿದ್ದೆ,” ಎಂದಳು. “ಬಂದೂಕಿನ ಕುದುರೆ ಎಳೆಯೋದಷ್ಟೇ ಬಾಕಿ. ಆಗ ಅನ್ನಿಸ್ತು, ಈ ಬಣ್ಣಕ್ಕೆ ಮಸಿ ಮೆತ್ಕೊಳ್ಳುತ್ತೆ, ತಾತನ ಬಂದೂಕು ಅಲ್ವಾ, ಮೊದಲನೇ ಗುಂಡು ಅಪ್ಪನ ಕೈಲಿ ಹೊಡೆಸೋಣ ಅಂತ. ಅದಕ್ಕೇ ಗುಂಡಿನ ಬದಲು ಬಾಯಿಗೆ ಬೆರಳಿಟ್ಟು ಸಿಳ್ಳೆ ಹೊಡೆದೆ. ದಾರಿಯುದ್ದಕ್ಕೂ ಹೊಡೀತಾನೇ ಬಂದೆ. ನಿಮಗೆ ಕೇಳಿಸಲಿಲ್ವಾ?”

ಲೋರ್ನಾ ಇಲ್ಲವೆಂದು ತಲೆಯಾಡಿಸಿದಳು. ಅಳಲಿಲ್ಲ. ಹಲ್ಲು ಕಟಕಟ ಎನ್ನುತ್ತಿದ್ದವು.

ರೆನ್ನಿ ಬಿರಡೆಯನ್ನು ಅವಳ ಅಂಗೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದಳು. “ಇದಕ್ಕೂ ಬಣ್ಣ ಚೆನ್ನಾಗಿ ಹಿಡಿದಿದೆ ಆಂಟಿ,” ಎಂದಳು. ಆಮೇಲೆ ಗಾಡಿಯಿಂದ ತನ್ನ ಕೋಟು ತಂದಳು. ಡ್ವೇನ್ ಬಂದು ತಲುಪಿದಾಗ ಇಬ್ಬರೂ ಒಂದೇ ಕೋಟು ಹೊದ್ದು ಚಕ್ರಕ್ಕೆ ಒರಗಿ ಕುಳಿತಿದ್ದರು.

ಡ್ವೇನ್ ಬಾಯಿ ಮುಚ್ಚಿಕೊಂಡಿರುವವನಲ್ಲ. ವಾರದೊಳಗೆ ಊರಿಗೆಲ್ಲ ಗೊತ್ತಾಯಿತು. ಲೋರ್ನಾ ಶೆಡ್ಡಿಗೆ ಬೀಗ ಹಾಕಿ, ಬಂದ ಬಂದೂಕುಗಳನ್ನು ವಾಪಸು ಕಳಿಸತೊಡಗಿದಳು. ಒಂದು ದಿನ ಡ್ವೇನ್ ವೈನ್ ಬಾಟಲಿಯ ಬಿರಡೆಯೊಂದನ್ನು ತಂದು ಅವಳ ಅಡುಗೆಮನೆಯ ಮೇಜಿನ ಮೇಲಿಟ್ಟು, ಇದಕ್ಕೆ ಎಲ್ಕ್ ಜಿಂಕೆಯ ಬಣ್ಣ ಹಚ್ಚಿಕೊಡು ಎಂದ. ಅವಳು ಅವನ ಮೇಲೆ ಪಾತ್ರೆ ಒರೆಸುವ ಬಟ್ಟೆ ಎಸೆದಳು. ಅವನು ಕದಲಲಿಲ್ಲ.

“ನೀನು ಬೀಗ ಹಾಕಿದ್ರೆ ಇವರೆಲ್ಲ ಹೆದ್ದಾರಿ ಪಕ್ಕ ಬಂದೂಕಿಗೆ ಬಣ್ಣ ಹಾಕ್ತಾನಲ್ಲ, ಅವನ ಹತ್ರ ಹೋಗ್ತಾರೆ,” ಎಂದ. “ಅವನಿಗೆ ಭಯಾನೇ ಇಲ್ಲ. ನನಗೆ ಭಯ ಇರೋರೇ ಬೇಕು.”

ಅಂದಿನಿಂದ ಅವಳು ಪ್ರತಿ ಬಿರಡೆಗೂ ತಾಮ್ರದ ತಂತಿ ಚುಚ್ಚಿ, ಗೇಣುದ್ದ ಹೊರಕ್ಕೆ ನೇತಾಡುವಂತೆ ಹೊಸೆದು ಕಟ್ಟಿದಳು. ತಂತಿಯ ಆ ಬಾಲ ನೇತಾಡುತ್ತಿದ್ದರೆ ಬಂದೂಕು ಮುಚ್ಚಲು ಬರುವುದಿಲ್ಲ. ಬಣ್ಣದಲ್ಲಿ ಗೆರೆ ಬಿದ್ದರೆ ಬೀಳಲಿ ಎಂದಳು. ಡ್ವೇನ್ ಅವನ್ನು ಇಲಿಗಳು ಎಂದು ಕರೆದ. ಊರೂ ಹಾಗೇ ಕರೆಯಿತು. ಆದರೂ ಭಯ ಅವಳನ್ನು ಬಿಡಲಿಲ್ಲ. ಬೇಟೆಯ ಕಾಲ ಬಂದು ಬೆಟ್ಟದ ಮೇಲಿಂದ ಗುಂಡಿನ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಎರಡನೆಯದು ಕೇಳಿ, ಬಂದೂಕು ಸಿಡಿದಿಲ್ಲ ಎಂದು ತಿಳಿದ ಮೇಲೆಯೇ ಉಸಿರು ಬಿಡುತ್ತಿದ್ದಳು. ಎಷ್ಟೋ ಸಲ ಬೇಟೆಗಾರನಿಗೆ ಒಂದೇ ಗುಂಡು ಸಾಕಾಗಿರುತ್ತಿತ್ತು. ಆ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಚಳಿಗಾಲದಲ್ಲಿ ಉಸಿರಾಟ ಪೂರ್ತಿ ಕೆಟ್ಟಿತು. ಶೆಡ್ಡನ್ನು ರೆನ್ನಿಗೆ ಕೊಟ್ಟಳು. ಆಸ್ಪತ್ರೆಗೆ ಸೇರಿದ ಮೇಲೆ, ಹೊಸದಾಗಿ ತರಿಸಿದ ಬಿರಡೆಗಳನ್ನೂ ತಂತಿಯ ಸುರುಳಿಯನ್ನೂ ಕಾಫಿ ಡಬ್ಬಿಯಲ್ಲಿ ಹಾಕಿಕೊಂಡು ಬಾ ಎಂದು ಹೇಳಿಕಳಿಸಿದಳು. ಮೂಗಿಗೆ ಆಮ್ಲಜನಕದ ಕೊಳವೆ, ಬೆರಳ ತುದಿಗಳು ನೀಲಿ. ತಾನು ಕಟ್ಟಿಕೊಡುತ್ತೇನೆ ಎಂದು ರೆನ್ನಿ ಕೈ ಚಾಚಿದಳು. ಲೋರ್ನಾ ಕೊಡಲಿಲ್ಲ.

ಡ್ವೇನ್ ಕಿಟಕಿಯ ಬಳಿ ಕುಳಿತು, ನರ್ಸ್ ಇದನ್ನು ಮೀನಿನ ಗಾಳವೆಂದುಕೊಂಡಿದ್ದಾಳೆ, ನಾಳೆ ಮೀನು ಹಿಡಿಯುವ ಲೈಸೆನ್ಸ್ ಕೇಳುತ್ತಾಳೆ ಎಂದ. ಲೋರ್ನಾಳಿಗೆ ನಗು ಬಂದು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಮಿಕ್ಕಿದ್ದ ಒಂದು ಬಿರಡೆಗೆ ತಂತಿ ಚುಚ್ಚಿ ನಿಧಾನವಾಗಿ ಹೊಸೆದಳು. ಒಂದು ಕೈಯಲ್ಲಿ ಬಿರಡೆ, ಇನ್ನೊಂದರಲ್ಲಿ ಬಾಲ ಹಿಡಿದು ಎಳೆದು ನೋಡಿದಳು. ಗಟ್ಟಿಯಿತ್ತು. ಮತ್ತೊಮ್ಮೆ ಎಳೆದಳು. ಡಬ್ಬಿಗೆ ಹಾಕಿ, ಮುಚ್ಚಳವನ್ನು ಅಂಗೈಯಿಂದ ಒತ್ತಿ ಮುಚ್ಚಿದಳು.