ಮೊಸಳೆ ನಾಣ್ಯದ ಆಂಟಿ

ಟೆಕ್ಸಸ್‌ನ ಯೂಲೆಸ್ ಊರಿನ ನಮ್ಮ ಪಕ್ಕದ ಮನೆಯ ಆಂಟಿಯ ಉಗುರು ಸಂದಿಯಲ್ಲಿ ಸದಾ ಹಸಿರು ಕಿಲುಬು. ಅಂಕಲ್ ತರಿಸುತ್ತಿದ್ದ ಹಳೆಯ ರೋಮನ್ ನಾಣ್ಯಗಳನ್ನು ಸ್ಟೀಲ್ ಡಬ್ಬಿಯ ನೀರಿನಲ್ಲಿ ವಾರಗಟ್ಟಲೆ ನೆನೆಹಾಕಿ, ಹಲ್ಲುಕಡ್ಡಿಯಿಂದ ಮಣ್ಣು ಬಿಡಿಸುತ್ತಿದ್ದವರು ಅವರೇ. ಡಾಲಸ್, ಹ್ಯೂಸ್ಟನ್, ಆಸ್ಟಿನ್ ಎಂದು ನಾಣ್ಯ ಪ್ರದರ್ಶನಗಳಿಗೆ ಹೋದಾಗ ಭಾಷಣ ಬಿಗಿಯುತ್ತಿದ್ದವರು ಮಾತ್ರ ಅಂಕಲ್. ಧಾರವಾಡದ ಕಡೆಯ ಜೋಡಿ. ಆಂಟಿ ಚಹಾದ ಫ್ಲಾಸ್ಕ್ ಹಿಡಿದು ಹಿಂದಿನ ಕುರ್ಚಿಯಲ್ಲಿ.

ಅಂಕಲ್‌ಗೆ ಅಚ್ಚುಮೆಚ್ಚಿನ ಒಂದು ನಾಣ್ಯವಿತ್ತು. ಒಂದು ಬದಿ ಸರಪಳಿ ಬಿಗಿದ ಮೊಸಳೆ, ಅಂದರೆ ಸೋತ ಈಜಿಪ್ಟ್; ಇನ್ನೊಂದು ಬದಿ ಬೆನ್ನಿಗೆ ಬೆನ್ನು ಹಚ್ಚಿದ ಇಬ್ಬರು: ಚಕ್ರವರ್ತಿ, ಅವನ ಗೆಳೆಯ ಸೇನಾಪತಿ.

“ಯುದ್ಧ ಗೆದ್ದಾಂವ ಇಂವ, ಹೆಸರು ಬಂದದ್ದು ಅಂವಗ,” ಎನ್ನುತ್ತಿದ್ದರು ಅಂಕಲ್, ಸೇನಾಪತಿಯತ್ತ ಬೆರಳು ಮಾಡಿ.

“ಇಂವಗ ಬ್ಯಾಸರ ಆಗ್ಲಿಲ್ಲೇನ್ರಿ?” ಎಂದು ಆಂಟಿ ಕೇಳುವರು.

“ದೋಸ್ತ ಅಲ್ಲೇನ? ಬ್ಯಾಸರ ಯಾಕ?”

ಆಂಟಿಯ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಅಂಕಲ್ ಇಂಗ್ಲಿಷಿನಲ್ಲಿ ವಿವರಿಸುವಾಗ ನಡುವೆ ಕನ್ನಡದಲ್ಲಿ ಬಾಯಿ ಹಾಕುವರು: “ಇದು ಈಜಿಪ್ಟ್ ಗೆದ್ದಾಗಿಂದಲ್ಲೇನ್ರಿ?” ನಮ್ಮ ಕನ್ನಡದವರಿಗೆಲ್ಲ ನಗು. ಇಷ್ಟು ವರ್ಷವಾದರೂ ಆಂಟಿ ಎಲ್‌ಕೆಜಿ ದಾಟಲಿಲ್ಲವಲ್ಲ ಅಂತ.

ಒಮ್ಮೆ ಅವರಿಬ್ಬರನ್ನೂ ಆಸ್ಟಿನ್‌ಗೆ ನಾನೇ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಮೊಸಳೆ ನಾಣ್ಯ ಹಿಡಿದ ಅಂಕಲ್ ತಟ್ಟನೆ ಮಾತು ನಿಲ್ಲಿಸಿದರು. ಎದುರಿಗಿದ್ದವರು ಕಾಯುತ್ತಿದ್ದರು. ಅಂಕಲ್ ಕಣ್ಣಲ್ಲಿ ಗಾಬರಿ. ಹಿಂದಿನಿಂದ ಅದೇ ಪ್ರಶ್ನೆ ಬಂತು. “ಯೆಸ್, ಈಜಿಪ್ಟ್!” ಎಂದವರು ಮತ್ತೆ ತಡವರಿಸಲಿಲ್ಲ. ಅಯ್ಯೋ ದೇವರೇ, ಆಂಟಿ ಇಷ್ಟು ದಿನ ಪ್ರಶ್ನೆಯ ನೆಪದಲ್ಲಿ ಉತ್ತರ ಹೇಳಿಕೊಡುತ್ತಿದ್ದರು!

ವಾಪಸ್ ಬರುವಾಗ ಅಂಕಲ್ ಹಿಂದಿನ ಸೀಟಿನಲ್ಲಿ ನಿದ್ದೆ ಹೋದರು. ಆಂಟಿ ಮೆಲ್ಲಗೆ ಅಂದರು: “ಅವರಿಗೆ ಮರವು ಸುರು ಆಗೇದವಾ. ಡಾಕ್ಟರ್ ಹೇಳ್ಯಾರ. ನಾಕ್ ಮಂದ್ಯಾಗ ಅವರ ತಲಿ ತಗ್ಗಬಾರದು. ಯಾರಿಗೂ ಹೇಳಬ್ಯಾಡ.”

ನಾನು ಹೇಳಲಿಲ್ಲ. ಆದರೆ ಮುಂದಿನ ಚಳಿಗಾಲದಲ್ಲಿ ಆಂಟಿಯೇ ಹೋಗಿಬಿಟ್ಟರು, ನಿದ್ದೆಯಲ್ಲೇ, ಹೃದಯ ನಿಂತು.

ಕರ್ಮಗಳೆಲ್ಲ ಮುಗಿದ ಮೇಲೆ ಡಾಲಸ್‌ನಿಂದ ನಾಣ್ಯಪ್ರಿಯ ಗೆಳೆಯರು ಅಂಕಲ್ ಅವರನ್ನು ಮಾತಾಡಿಸಲು ಬಂದರು. ಸ್ವಲ್ಪ ಮನಸ್ಸು ಹಗುರಾಗಲಿ ಎಂದು ಒಬ್ಬರು ಮೊಸಳೆ ನಾಣ್ಯವನ್ನು ಅವರ ಕೈಗಿಟ್ಟು, ಇದರ ಕತೆ ಹೇಳಿ ಎಂದರು. ಅಂಕಲ್ ತಿರುಗಿಸಿ ತಿರುಗಿಸಿ ನೋಡಿದರು. ನನಗೆ ತಡೆಯಲಾಗಲಿಲ್ಲ. ಅವರ ಹಿಂದೆ ಹೋಗಿ ನಿಂತು, “ಅಂಕಲ್, ಇದು ಈಜಿಪ್ಟ್ ಗೆದ್ದಾಗಿನದು ಅಲ್ವಾ?” ಅಂದೆ.

ಅವರು ತಿರುಗಿ ನನ್ನ ಮುಖ ನೋಡಿದರು.

“ಅದನ್ನ ಅಕಿ ಕೇಳ್ತಾಳವಾ. ಒಳಗ ಚಹಾ ಮಾಡ್ಲಿಕ್ಕೆ ಹೋಗ್ಯಾಳ. ಬರ್ಲಿ ತಡಿ,” ಎಂದು ನಾಣ್ಯವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಕಾಯುತ್ತಾ ಕುಳಿತರು.