ನನ್ನಂಥ ಇನ್ನೊಬ್ಬ

ವಿಶಾಖಪಟ್ಟಣದ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಎರಡನೇ ವರ್ಷ. ಕ್ಯಾಂಟೀನಿನ ಸಾಲಿನಲ್ಲಿ ನಿಂತಿದ್ದಾಗ ನನಗೆ ಫಿಟ್ಸ್ ಬಂತು. ಆಗ ನನಗೆ ಇಪ್ಪತ್ತನಾಲ್ಕು. ಸ್ಕ್ಯಾನ್ ಮಾಡಿದರೆ ಮೆದುಳಿನ ಬಲಗಡೆ ಗಡ್ಡೆ. ಧಾರವಾಡದಿಂದ ಅವ್ವ ಓಡಿ ಬಂದಳು. ಆಪರೇಷನ್ ಆಗಿ ಮೂರು ವಾರಕ್ಕೆ ರಜೆ ಮುಗಿದು, ತಾನು ಕಲಿಸುವ ಶಾಲೆಗೆ ಮರಳಿದಳು. ಚಿಕಿತ್ಸೆ ಇಲ್ಲೇ ಇತ್ತು, ನಾನು ಉಳಿದೆ.

ಗಡ್ಡೆಯ ತುಣುಕಿನ ಜೀನ್ ಪರೀಕ್ಷೆಯ ವರದಿ ಆಮೇಲೆ ಬಂತು. ಅದರಲ್ಲಿ ಕಂಡ ಬದಲಾವಣೆ ಅಪರೂಪದ್ದು, ಆದರೆ ಅದಕ್ಕೆ ಮಾತ್ರೆ ಇದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಸಂಜೆ ಫೋನಿನಲ್ಲಿ ಅವ್ವ ಕೇಳಿದಳು:

"ಜೀನ್ ಅಂದ್ರ ವಂಶದ್ದಲ್ಲೇನು? ನನ್ನಿಂದ ಬಂತೇನವಾ?"

"ಇಲ್ಲಬೇ, ಯಾರಿಂದಾನೂ ಬಂದಿಲ್ಲ. ಆ ಗಡ್ಡ್ಯಾಗ ಅಷ್ಟ ಹುಟ್ಟಿದ್ದು."

ಅವಳು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಫೋನಿಟ್ಟು ಕನ್ನಡಿ ನೋಡಿಕೊಂಡೆ. ನನ್ನ ಮೂಗು ಅಜ್ಜಿಯದು, ಸಿಟ್ಟು ಅಪ್ಪನದು. ಇದೊಂದು ಮಾತ್ರ ಯಾರದೂ ಅಲ್ಲ.

ಮುಂದಿನ ಸಲ ಡಾಕ್ಟರನ್ನು ಕೇಳಿದೆ, ಇಂಥದ್ದು ಇನ್ನಾರಿಗಾದರೂ ಇದೆಯೇ ಎಂದು. ವಿಜಯವಾಡದಲ್ಲಿ ಇಪ್ಪತ್ತು ವರ್ಷದ ಹುಡುಗನೊಬ್ಬನಿದ್ದ. ಅವನನ್ನು ಕೇಳಿಯೇ ನಂಬರ್ ಕೊಟ್ಟರು. ಒಂದು ಭಾನುವಾರ ರೈಲು ಹತ್ತಿದೆ.

ಆಟೋನಗರ್‌ನಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ಶೆಡ್ಡಿನ ಹಿಂದೆ ಅವರ ಮನೆ. ಅವನ ತಾಯಿ ಪೆಸರಟ್ಟು, ಅಂದರೆ ಹೆಸರುಕಾಳಿನ ದೋಸೆ, ಹಾಕಿ ಕೊಟ್ಟರು. ನಾವಿಬ್ಬರೂ ಎದುರುಬದುರು ಕೂತೆವು. ನನ್ನ ತೆಲುಗು ತರಕಾರಿ ಕೊಳ್ಳುವಷ್ಟೇ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಪ್ರಶ್ನೆಗಳೆಲ್ಲ ಬಾಯಲ್ಲೇ ಉಳಿದವು. ಕೊನೆಗೆ ಅವನೇ ಕೇಳಿದ:

"ಮಾತ್ರೆ ತಗೊಂಡ್ರೆ ಜ್ವರಂ ವಸ್ತುಂದಾ, ಅಕ್ಕಾ?"

ಅರ್ಧ ಕನ್ನಡವನ್ನು ಅವನು ಬಳ್ಳಾರಿಯ ಲಾರಿ ಡ್ರೈವರುಗಳಿಂದ ಕಲಿತಿದ್ದನಂತೆ.

"ಜ್ವರ ಬರ್ತದ. ಚಳಿ ಹತ್ತಿ ಹಲ್ಲು ಕಟಕಟ ಅಂತಾವ."

"ನಾಕೂ ಅಂತೇ!" ಎಂದು ಅವನು ನಕ್ಕ. ನನಗೂ ಹಾಗೇ, ಎಂದು. ಆರು ತಿಂಗಳಲ್ಲಿ ಮೊದಲ ಸಲ, ವಿವರಿಸಿ ಹೇಳದೆಯೂ ಒಬ್ಬರಿಗೆ ನನ್ನ ಮಾತು ತಿಳಿದಿತ್ತು.

ಆಮೇಲೆ ಭಾನುವಾರಗಳಂದು ಫೋನ್ ಮಾಡುತ್ತಿದ್ದೆವು. ಮಾತು ಹೆಚ್ಚಿರುತ್ತಿರಲಿಲ್ಲ. ಹೊಸದಾಗಿ ಬಣ್ಣ ಹೊಡೆದ ಲಾರಿಯ ಫೋಟೊ ಕಳಿಸುತ್ತಿದ್ದ. ಮರುವರ್ಷ ಅವನ ಗಡ್ಡೆ ಮತ್ತೆ ಬೆಳೆಯಿತು; ಮಾತ್ರೆ ಕೆಲಸ ನಿಲ್ಲಿಸಿತ್ತು. ಫೋನನ್ನು ತಾಯಿ ಎತ್ತತೊಡಗಿದರು. ಮಲಗಿದ್ದಾನೆ ಎನ್ನುತ್ತಿದ್ದರು. ಒಂದು ದಿನ ಹಾಗೆ ಹೇಳಲಿಲ್ಲ, ಅತ್ತರು.

ನನ್ನ ಸ್ಕ್ಯಾನ್ ಆ ವಾರವೇ ಇತ್ತು. ಏನೂ ಬೆಳೆದಿರಲಿಲ್ಲ. ತಿಂಗಳ ಮೇಲೆ ಆ ತಾಯಿಯೇ ಫೋನ್ ಮಾಡಿ, "ನೀ ರಿಪೋರ್ಟು ಏಮೈಂದಿ, ತಲ್ಲೀ?" ಎಂದು ಕೇಳಿದರು. ನಿನ್ನ ರಿಪೋರ್ಟು ಏನಾಯಿತಮ್ಮಾ, ಎಂದು. ಚೆನ್ನಾಗಿದೆ ಎನ್ನಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಲೈನ್ ಕಟ್ಟಾಯಿತೆಂದುಕೊಂಡು ಅವರು ಎರಡು ಸಲ ಹಲೋ ಎಂದರು.